ಕೊಡಲಿ ಎತ್ತುವ ಮುಂಚೆ ಹತ್ತು ನಿಮಿಷ

ನಮ್ಮ ಬಡಾವಣೆಯ ಎಲ್ಲ ಮನೆಯವರಿಗೆ, ನಗರದ ವೃಕ್ಷಾಧಿಕಾರಿಗಳಿಗೆ, ಕರೆಂಟ್ ಲೈನ್ ನೋಡಿಕೊಳ್ಳುವ ಅಣ್ಣಂದಿರಿಗೆ,

ನಮಸ್ಕಾರ.

ಮೈಸೂರಿನ ಅಂಚಿನಲ್ಲಿ, ಲಿಂಗಾಂಬುಧಿ ಕೆರೆಗೆ ನಡೆದು ಹೋಗಬಹುದಾದಷ್ಟು ಹತ್ತಿರದ ಬಡಾವಣೆಯಲ್ಲಿ ನಾನು 22 ವರ್ಷದಿಂದ ಇದ್ದೇನೆ. ನಾವು ಮನೆ ಕಟ್ಟಿಸುವಾಗ ಹಿತ್ತಲ ಆಚೆಗೆ ರಾಗಿ ಹೊಲ ಇತ್ತು. ಈಗ ಅಲ್ಲಿ ಮೂರು ಅಡ್ಡರಸ್ತೆಗಳಿವೆ. ಹೊಲ ಹೋಯಿತು. ಆದರೆ ಆಗ ರಸ್ತೆ ಬದಿಗೆ ನೆಟ್ಟ ಸಸಿಗಳು ಈಗ ದೊಡ್ಡ ಮರಗಳಾಗಿವೆ. ಹೊಂಗೆ, ಬೇವು, ಕತ್ತಿಕಾಯಿ ಮರ ಅಂತ ನಾವು ಕರೆಯುವ ಗುಲ್‌ಮೊಹರ್, ನೀರುಕಾಯಿ ಮರ, ಅಲ್ಲಲ್ಲಿ ಗಸಗಸೆ ಹಣ್ಣಿನ ಮರ. ಈ ಪತ್ರ ಆ ಮರಗಳಲ್ಲಿ ಈಗ ಯಾರು ಯಾರು ಇದ್ದಾರೆ ಅಂತ ಹೇಳಲು.

ಯುಗಾದಿ ಮುಗಿದು ಎರಡು ವಾರ ಆಯಿತು. ಇನ್ನೇನು ಕೊಂಬೆ ಕಡಿಸುವ ಕೆಲಸ ಶುರುವಾಗುತ್ತದೆ. ಗಾಳಿ ಮಳೆ ಬರುವ ಮುಂಚೆ ಕೊಂಬೆ ಸವರಿಸಬೇಕು ಅನ್ನುವುದು ಸರಿಯಾದ ಮಾತೇ. ನಾನು ಅದನ್ನು ಬೇಡ ಅನ್ನುತ್ತಿಲ್ಲ. ಯಾರ ಮೇಲೂ ದೂರು ಹೇಳಲು ಕೂತಿಲ್ಲ. ಕೊಡಲಿ ಎತ್ತುವ ಮುಂಚೆ, ಗರಗಸದ ಮೋಟಾರ್ ಶುರು ಮಾಡುವ ಮುಂಚೆ, ಆ ಮರದ ಕೆಳಗೆ ಹತ್ತು ನಿಮಿಷ ಸುಮ್ನೆ ನಿಂತು ಮೇಲೆ ನೋಡಿ. ನಾನು ಕೇಳುವುದು ಇಷ್ಟೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೆಳಗ್ಗೆ ಐದು ಗಂಟೆಯಿಂದ ಶುರು ಮಾಡುತ್ತೇನೆ. ಆಗ ಇನ್ನೂ ಬೀದಿ ದೀಪ ಉರಿಯುತ್ತಿರುತ್ತದೆ. ಹಾಲಿನ ಹುಡುಗ ಬಂದಿರುವುದಿಲ್ಲ. ಮೊದಲ ದನಿ ಮಡಿವಾಳ ಹಕ್ಕಿಯದು. ಕಪ್ಪು ಬಿಳುಪಿನ ಪುಟ್ಟ ಹಕ್ಕಿ, ಬಾಲ ಮೇಲೆತ್ತಿಕೊಂಡು ಯಾರದೋ ಮನೆಯ ಡಿಶ್ ಮೇಲೆ ಅಥವಾ ವೈರ್ ಮೇಲೆ ಕೂತಿರುತ್ತದೆ. ಚಳಿಗಾಲದಲ್ಲಿ ಇದೇ ಹಕ್ಕಿ ಗಿಡದ ಬುಡದಲ್ಲಿ ಗೊರಗೊರ ಅಂದುಕೊಂಡು ಓಡಾಡುತ್ತಿರುತ್ತದೆ. ಇದು ಹಾಡುಗಾರ ಅಂತ ಆಗ ಗೊತ್ತೇ ಆಗುವುದಿಲ್ಲ. ಫೆಬ್ರವರಿ ಕೊನೆ ಬಂತೆಂದರೆ ಅದರ ಗಂಟಲು ತೆರೆಯುತ್ತದೆ. ಒಂದು ಸಲ ಹಾಡಿದ್ದನ್ನು ಮತ್ತೆ ಹಾಗೇ ಹಾಡುವುದಿಲ್ಲ. ಸ್ವಲ್ಪ ತಿರುಗಿಸಿ, ಸ್ವಲ್ಪ ಎಳೆದು, ಮಧ್ಯೆ ಒಂದು ಸಿಳ್ಳೆ ಸೇರಿಸಿ ಹಾಡುತ್ತದೆ. ಆಮೇಲೆ ಕೋಗಿಲೆ. ಆಮೇಲೆ ಪಿಕಳಾರಗಳ ಗಲಾಟೆ. ಕೆರೆ ಕಡೆಯಿಂದ ನವಿಲಿನ ಕೂಗು. ಅಷ್ಟರಲ್ಲಿ ಬೆಳಕು ಹರಿದು ಗೊರವಂಕಗಳ ಜಗಳ ಶುರುವಾಗಿರುತ್ತದೆ.

ಆರೂವರೆ ಹೊತ್ತಿಗೆ ಇವೆಲ್ಲದರ ಮೇಲೆ ಒಂದೇ ದನಿ ನಿಲ್ಲುತ್ತದೆ. ಕುಟ್ರೂ, ಕುಟ್ರೂ, ಕುಟ್ರೂ. ಮಧ್ಯಾಹ್ನದ ಉರಿಬಿಸಿಲಲ್ಲೂ ನಿಲ್ಲುವುದಿಲ್ಲ. ಒಂದು ಮರದಲ್ಲಿ ಒಂದು ಕೂಗಿದರೆ, ಎರಡು ರಸ್ತೆ ಆಚೆಯಿಂದ ಇನ್ನೊಂದು ಉತ್ತರ ಕೊಡುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಈ ದನಿ ದಿನಾ ಕೇಳಿದ್ದೀರಿ, ಹಕ್ಕಿಯನ್ನು ಮಾತ್ರ ಯಾವತ್ತೂ ನೋಡಿಲ್ಲ. ನಾನೂ ಮೊದಲ ಆರು ವರ್ಷ ನೋಡಿರಲಿಲ್ಲ. ಇದೇ ಕುಟ್ರು ಹಕ್ಕಿ. ಮೈಯೆಲ್ಲ ಎಲೆ ಹಸಿರು, ತಲೆ ಕಂದು, ಕೆನ್ನೆಯಲ್ಲಿ ಬಿಳಿ ಪಟ್ಟೆ, ದಪ್ಪ ಕೊಕ್ಕು. ಎಲೆ ನಡುವೆ ಕೂತರೆ ಎಲೆಯೇ ಆಗಿಬಿಡುತ್ತದೆ.

ಈ ಹಕ್ಕಿಯ ಬಗ್ಗೆ ನಾನು ಜಾಸ್ತಿ ಬರೆಯಲೇಬೇಕು. ಯಾಕೆಂದರೆ ನಾವು ಕಡಿಸುವ ಮೊದಲ ಕೊಂಬೆ ಇದರ ಮನೆಯೇ ಆಗಿರುತ್ತದೆ.

ಕುಟ್ರು ಹಕ್ಕಿ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಮರ ಕೊರೆಯುತ್ತದೆ. ಆದರೆ ಮರಕುಟಿಗಕ್ಕೆ ಇರುವಂಥ ಉಳಿಯಂಥ ಕೊಕ್ಕು ಅದಕ್ಕೆ ಇಲ್ಲ. ಹಸಿ ಗಟ್ಟಿ ಮರ ಅದರ ಕೈಲಿ ಆಗುವುದಿಲ್ಲ. ಆದ್ದರಿಂದ ಒಣಗಿದ, ಸ್ವಲ್ಪ ಮೆತ್ತಗಾದ ಕೊಂಬೆ ಹುಡುಕುತ್ತದೆ. ನಮ್ಮ ಊರುಗಳಲ್ಲಿ ಗುಲ್‌ಮೊಹರ್ ಮತ್ತು ನೀರುಕಾಯಿ ಮರ ಅಂದರೆ ಅದಕ್ಕೆ ಇಷ್ಟ. ಆ ಮರಗಳ ಕಟ್ಟಿಗೆ ಮೆದು, ಒಣ ಕೊಂಬೆಗಳೂ ಸಿಗುತ್ತವೆ. ಗಂಡು ಹೆಣ್ಣು ಸರದಿಯಲ್ಲಿ ಕೊರೆಯುತ್ತವೆ. ಪೊಟರೆ ತಯಾರಾಗಲು ಸುಮಾರು 20 ದಿನ ಬೇಕು. ಅದಾಗಿ ಮೂರು ನಾಲ್ಕು ದಿನಕ್ಕೆ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಮೂರು. ಹಗಲು ಇಬ್ಬರೂ ಕಾವು ಕೊಡುತ್ತವೆ, ರಾತ್ರಿ ತಾಯಿ ಒಂದೇ ಕೂರುತ್ತದೆ. 14-15 ದಿನಕ್ಕೆ ಮರಿ. ಆಮೇಲೆ ಮರಿಗಳು ಹಾರಲು ಇನ್ನೂ 36-38 ದಿನ. ಲೆಕ್ಕ ಹಾಕಿ ನೋಡಿ. ಮೊದಲ ಕೊಕ್ಕು ಏಟಿನಿಂದ ಮರಿ ಹಾರುವ ತನಕ ಎರಡೂವರೆ ತಿಂಗಳು. ಅಷ್ಟು ದಿನವೂ ಆ ಒಂದು ಒಣ ಕೊಂಬೆ ಅಲ್ಲೇ ಇರಬೇಕು.

ಅಳಿಲುಗಳು ಮೊಟ್ಟೆ ಕದಿಯಲು ಬರುತ್ತವೆ. ಕುಟ್ರು ಹಕ್ಕಿಗಳು ಅವನ್ನು ಅಟ್ಟಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೊಕ್ಕು ಮುಂದೆ ಮಾಡಿ ನೇರ ನುಗ್ಗುತ್ತವೆ. ಅಳಿಲು ಕೊಂಬೆಯ ಸುತ್ತ ತಿರುಗುತ್ತ ಓಡುತ್ತದೆ. ಇವು ಬಿಡುವುದಿಲ್ಲ. ಅಂಥ ಹಕ್ಕಿಗೆ ಗರಗಸದ ಮುಂದೆ ಏನೂ ಮಾಡಲು ಆಗುವುದಿಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ನಮ್ಮ ಬೀದಿಯಲ್ಲೇ ಒಂದು ಘಟನೆ ನಡೆಯಿತು. ಯಾರ ಮನೆ ಅಂತ ಬರೆಯುವುದಿಲ್ಲ. ಅವರು ಒಳ್ಳೆಯವರು, ನನಗೆ ಬೇಕಾದವರು. ಮನೆ ಮೇಲೆ ಸೋಲಾರ್ ಹಾಕಿಸಿದ್ದರು. ಎದುರಿನ ಗುಲ್‌ಮೊಹರ್ ನೆರಳು ಬೀಳುತ್ತಿತ್ತು. ಹಸಿ ಕೊಂಬೆಗೆ ಕೈ ಹಾಕುವುದು ಬೇಡ, ಒಣಗಿದ್ದು ಮಾತ್ರ ತೆಗೆಸೋಣ ಅಂದುಕೊಂಡರು. ಮರಕ್ಕೆ ನೋವಾಗಬಾರದು ಅನ್ನುವ ಯೋಚನೆಯಿಂದಲೇ ಹಾಗೆ ಮಾಡಿದರು. ಭಾನುವಾರ ಬೆಳಗ್ಗೆ ಇಬ್ಬರು ಬಂದು ಹಗ್ಗ ಕಟ್ಟಿ ಒಣ ಕೊಂಬೆ ಇಳಿಸಿದರು. ಕೆಳಗೆ ಬಿದ್ದ ಏಟಿಗೆ ಕೊಂಬೆ ಉದ್ದಕ್ಕೆ ಸೀಳಿತು. ಒಳಗೆ ಮೂರು ಮರಿ ಇದ್ದವು. ಪುಕ್ಕ ಈಗಷ್ಟೇ ಹಸಿರಾಗುತ್ತಿತ್ತು. ಎರಡು ಅಲ್ಲೇ ಸತ್ತವು. ಒಂದನ್ನು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡೆವು. ಅದೂ ಸಂಜೆಗೆ ಉಳಿಯಲಿಲ್ಲ.

ಎರಡು ದಿನ ತಂದೆ ತಾಯಿ ಹಕ್ಕಿಗಳು ಕೊಕ್ಕಲ್ಲಿ ಹಣ್ಣು ಹಿಡಿದುಕೊಂಡು ಬಂದವು. ಕೊಂಬೆ ಇದ್ದ ಜಾಗದ ಹತ್ತಿರ ಕೂರುವುದು, ಆಚೀಚೆ ನೋಡುವುದು, ಹಾರುವುದು, ಮತ್ತೆ ಬರುವುದು. ಮೂರನೇ ದಿನ ಬರಲಿಲ್ಲ.

ಆ ಮನೆಯಾಕೆ ನನ್ನ ಹತ್ತಿರ ಬಂದು ಅತ್ತುಬಿಟ್ಟರು. "ಅಕ್ಕಾ, ನೀವು ದಿನಾ ನೋಡ್ತಿದ್ರಂತೆ. ಮೊದಲೇ ಒಂದು ಮಾತು ಹೇಳಿದ್ರೆ ಎರಡು ತಿಂಗಳು ಬಿಡ್ತಿದ್ವಲ್ಲ" ಅಂದರು. ಆ ಮಾತು ನನ್ನ ಎದೆಯಲ್ಲಿ ಹಾಗೇ ಕೂತಿದೆ. ಅವರು ಹೇಳಿದ್ದು ಸರಿ. ಆ ಪೊಟರೆ ನನಗೆ ಗೊತ್ತಿತ್ತು. ನಾನು ಹೇಳಿರಲಿಲ್ಲ. ಅದಕ್ಕೇ ಈ ವರ್ಷ ಮೊದಲೇ ಹೇಳುತ್ತಿದ್ದೇನೆ, ಎಲ್ಲರಿಗೂ, ಬರೆದು.

ಒಣ ಕೊಂಬೆ ಅಂದರೆ ಸತ್ತ ಕೊಂಬೆ, ಯಾರಿಗೂ ಬೇಡದ್ದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಮರದಲ್ಲಿ ಜಾಸ್ತಿ ಬೇಡಿಕೆ ಇರುವುದೇ ಅದಕ್ಕೆ. ಕುಟ್ರು ಹಕ್ಕಿ ಬಿಟ್ಟುಹೋದ ಪೊಟರೆಯಲ್ಲಿ ಮುಂದಿನ ವರ್ಷ ಮಡಿವಾಳ ಹಕ್ಕಿ ಸಂಸಾರ ಹೂಡಬಹುದು. ಇದರ ಚಿಕ್ಕ ತಮ್ಮನಂಥ ಕಂಚುಕುಟಿಗವೂ ಒಣ ಕೊಂಬೆಯಲ್ಲೇ ಕೊರೆಯುತ್ತದೆ. ಹಣೆ ಮೇಲೆ ಕುಂಕುಮ, ಗಂಟಲು ಹಳದಿ. ಕಂಚುಗಾರರ ಬೀದಿಯಲ್ಲಿ ಪಾತ್ರೆ ಬಡಿಯುವ ಹಾಗೆ ಟುಕ್, ಟುಕ್, ಟುಕ್ ಅಂತ ಒಂದೇ ಲಯದಲ್ಲಿ ಕೂಗುತ್ತಿರುತ್ತದೆ. ಅದರ ಪೊಟರೆಯ ಬಾಯಿ ಸಾಮಾನ್ಯವಾಗಿ ಕೊಂಬೆಯ ಕೆಳಮುಖಕ್ಕೆ ಇರುತ್ತದೆ. ಹಾಗಾಗಿ ಮೇಲೆ ಹತ್ತಿದವರಿಗೆ ಕಾಣುವುದಿಲ್ಲ. ಕೆಳಗೆ ನಿಂತು ನೋಡಿದರೆ ಮಾತ್ರ ಗುಂಡಗಿನ ತೂತು ಕಾಣುತ್ತದೆ. ಹತ್ತು ನಿಮಿಷ ಕೆಳಗೆ ನಿಲ್ಲಿ ಅಂತ ನಾನು ಬೇಡಿಕೊಳ್ಳುವುದು ಅದಕ್ಕೇ. ಮರಿ ಇದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಅಪ್ಪನೋ ಅಮ್ಮನೋ ಊಟ ತರುವುದು ಕಾಣುತ್ತದೆ.

ಇನ್ನು ಕಾಗೆ ಗೂಡಿನ ವಿಚಾರ. ಏಪ್ರಿಲ್ ಬಂದರೆ ಕಾಗೆಗಳು ತಂತಿ ಚೂರು, ಕಡ್ಡಿ, ಪೊರಕೆ ಎಳೆ ಎಲ್ಲ ಹೊತ್ತು ಗೂಡು ಕಟ್ಟುತ್ತವೆ. ಗೂಡಲ್ಲಿ ಮರಿ ಇದ್ದರೆ ಕೆಳಗೆ ಓಡಾಡುವವರ ತಲೆಗೆ ಕುಕ್ಕುತ್ತವೆ. ಅದು ನಿಜವಾದ ತೊಂದರೆ, ನನಗೂ ಕುಕ್ಕಿವೆ. ಹಾಗಾಗಿ ಕೆಲವರು ಕೋಲಿನಿಂದ ಗೂಡು ಎಳೆದು ಹಾಕುತ್ತಾರೆ. ಆದರೆ ನಾವು ಎಲ್ಲರೂ ಮೆಚ್ಚುವ ಕೋಗಿಲೆ ಹುಟ್ಟುವುದು ಆ ಗೂಡಲ್ಲೇ ಅಲ್ವಾ? ಕೋಗಿಲೆ ಗೂಡು ಕಟ್ಟುವುದಿಲ್ಲ. ಕುಹೂ ಅಂತ ಕೂಗುವುದು ಗಂಡು, ಕಪ್ಪು ಮೈ, ರಕ್ತ ಕೆಂಪು ಕಣ್ಣು. ಹೆಣ್ಣು ಕಂದು ಬಣ್ಣ, ಮೈ ತುಂಬ ಬಿಳಿ ಚುಕ್ಕೆ. ಅದರ ಕೂಗು ಬೇರೆ, ಕಿಕ್‌ಕಿಕ್‌ಕಿಕ್ ಅಂತ ಅವಸರದ್ದು. ನಮ್ಮ ಹಿಂದಿನ ಬೇವಿನಲ್ಲಿ ನಾನೇ ನೋಡಿದ್ದೇನೆ. ಗಂಡು ಬಂದು ಎದುರಿಗೆ ಕೂತಿತು. ಕಾಗೆಗಳೆರಡೂ ಅದನ್ನು ಅಟ್ಟಿಸಿಕೊಂಡು ಹೋದವು. ಅಷ್ಟರಲ್ಲಿ ಹೆಣ್ಣು ಗೂಡಿಗೆ ಹೋಗಿ ಬಂತು. ಕೋಗಿಲೆಯ ಮೊಟ್ಟೆ ಕಾಗೆ ಮೊಟ್ಟೆಗಿಂತ ಮೂರು ನಾಲ್ಕು ದಿನ ಮೊದಲೇ ಒಡೆಯುತ್ತದೆ. ಕಾಗೆ ಅದನ್ನು ತನ್ನ ಮರಿಯೆಂದೇ ಸಾಕುತ್ತದೆ. ಕಾಗೆ ಗೂಡು ಎಳೆದರೆ ಮುಂದಿನ ವರ್ಷದ ಕೋಗಿಲೆಯೂ ಅದರ ಜೊತೆಗೇ ಹೋಗುತ್ತದೆ. ಕುಕ್ಕುವ ಕಾಟ ಒಂದು ತಿಂಗಳಿನದು. ಆ ಒಂದು ತಿಂಗಳು ಕೊಡೆ ಹಿಡಿದು ಓಡಾಡೋಣ. ನಾನು ಹಾಗೇ ಮಾಡುತ್ತೇನೆ.

ಖಾಲಿ ಸೈಟ್ ಇರುವವರಿಗೆ ಒಂದು ಬೇರೆ ಮಾತು. ನಮ್ಮ ಬಡಾವಣೆಯಲ್ಲಿ ಇನ್ನೂ ಸಾಕಷ್ಟು ಸೈಟ್‌ಗಳು ಖಾಲಿ ಇವೆ. ಬೇಸಿಗೆಯಲ್ಲಿ ಹುಲ್ಲು ಒಣಗುತ್ತದೆ. ಹಾವು ಬರುತ್ತದೆ ಅಂತ ಬೆಂಕಿ ಹಾಕಿಸುತ್ತೀರಿ, ಇಲ್ಲವೇ ಜೆಸಿಬಿ ತರಿಸಿ ಕೆರೆಸುತ್ತೀರಿ. ಅಲ್ಲಿ ನೆಲದ ಮೇಲೇ ಮೊಟ್ಟೆ ಇಡುವ ಒಂದು ಹಕ್ಕಿ ಇದೆ, ಟಿಟ್ಟಿಭ. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ಕೆಂಪು ಕೊಕ್ಕು. ರಾತ್ರಿ ಯಾರಾದರೂ ಸೈಟ್ ಪಕ್ಕ ನಡೆದರೆ ಟಿಟ್ಟಿಟ್ಟೀ ಅಂತ ಕಿರುಚಿ ಮೇಲೆ ಹಾರುತ್ತದಲ್ಲ, ಅದೇ.

ಅದರ ಗೂಡು ಅಂದರೆ ಗೂಡೇ ಇರುವುದಿಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು ಚೂರು. ಅದರಲ್ಲಿ ನಾಲ್ಕು ಮೊಟ್ಟೆ. ಬಣ್ಣ ಮಣ್ಣು ಕಲ್ಲಿನ ಹಾಗೇ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಾಣುವುದಿಲ್ಲ. ನಾಲ್ಕು ವಾರ ಕಾವು ಕೊಡಬೇಕು. ಏಪ್ರಿಲ್ ಬಿಸಿಲಲ್ಲಿ ಕಾವು ಅಂದರೆ ಬಿಸಿ ಕೊಡುವ ಕೆಲಸವಷ್ಟೇ ಆಗಿರುವುದಿಲ್ಲ, ಮೊಟ್ಟೆ ಬೇಯದ ಹಾಗೆ ನೋಡಿಕೊಳ್ಳುವ ಕೆಲಸ ಕೂಡ. ಹಕ್ಕಿ ನೀರಿರುವ ಕಡೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ಒದ್ದೆ ಬಟ್ಟೆ ಹಾಸಿ ಮಗುವಿನ ಜ್ವರ ಇಳಿಸುತ್ತೇವಲ್ಲ, ಹಾಗೆ. ನಮ್ಮ ಮೂರನೇ ಅಡ್ಡರಸ್ತೆಯ ಕೊನೆಯ ಸೈಟ್‌ನಲ್ಲಿ ಒಂದು ಜೋಡಿ ಬೋರ್‌ವೆಲ್ ನೀರು ನಿಂತ ಗುಂಡಿಗೂ ಗೂಡಿಗೂ ನಡುಮಧ್ಯಾಹ್ನ ಹೋಗಿ ಬರುವುದನ್ನು ನಾನು ಮಾಳಿಗೆಯಿಂದ ನೋಡಿದ್ದೇನೆ. ಮರಿ ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಓಡಲು ಶುರು ಮಾಡುತ್ತದೆ. ಆ ಮೇಲೆ ನಿಮಗೆ ಸೈಟ್ ವಾಪಸ್ ಸಿಕ್ಕ ಹಾಗೆ.

ಹಾಗಾಗಿ ಸೈಟ್ ಕ್ಲೀನ್ ಮಾಡಿಸುವ ಮುಂಚೆ ಒಂದು ಸಲ ಒಳಗೆ ನಡೆದು ನೋಡಿ. ಟಿಟ್ಟಿಭ ನಿಮ್ಮ ತಲೆ ಮೇಲೆ ಸುತ್ತುತ್ತ ಕಿರುಚಿದರೆ ಮೊಟ್ಟೆ ಇದೆ ಅಂತ ಅರ್ಥ. ಒಂದು ತಿಂಗಳು ತಡೆಯಿರಿ. ಬೆಂಕಿ ಮಾತ್ರ ಯಾವಾಗಲೂ ಬೇಡ. ಹುಲ್ಲಿನ ಬೆಂಕಿಗೆ ಮೊಟ್ಟೆ, ಓತಿಕ್ಯಾತ, ಮುಂಗುಸಿ ಮರಿ ಅಂತ ಭೇದ ಗೊತ್ತಾಗುವುದಿಲ್ಲ. ಹೊಗೆ ನಮ್ಮ ಮನೆಗಳ ವಯಸ್ಸಾದವರ ಎದೆಗೂ ಹೋಗುತ್ತದೆ.

ಹಾವಿನ ಭಯ ಇರುವುದು ಸಹಜ. ನಮ್ಮ ಕಡೆ ನಾಗರಹಾವೂ ಇದೆ. ಅದರ ತಂಟೆಗೆ ಹೋಗದೆ ಹಾವು ಹಿಡಿಯುವವರನ್ನು ಕರೆಸುವುದೇ ಸರಿ. ಆದರೆ ಇಲ್ಲಿ ಜಾಸ್ತಿ ಕಾಣುವುದು ಕೆರೆಹಾವು. ಅದಕ್ಕೆ ವಿಷ ಇಲ್ಲ, ಇಲಿ ಹಿಡಿದು ತಿನ್ನುತ್ತದೆ. ಎರಡು ಕೆರೆಹಾವು ಹೆಣೆದುಕೊಂಡು ಎದ್ದು ನಿಂತಿದ್ದರೆ ಜನ ಮಿಲನ ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಅದು ಎರಡು ಗಂಡುಗಳ ಕುಸ್ತಿ. ನಿಂತು ನೋಡಿ, ಮುಗಿಸಿ ತಾವೇ ಹೋಗುತ್ತವೆ. ಕಲ್ಲು ಎತ್ತಬೇಡಿ.

ಚಿಕ್ಕ ಹಕ್ಕಿಗಳ ಬಗ್ಗೆಯೂ ಹೇಳಬೇಕು. ಸೂರಕ್ಕಿ ನಿಮ್ಮ ಪೋರ್ಟಿಕೋದ ವೈರಿಗೋ, ದಾಸವಾಳದ ರೆಂಬೆಗೋ ಪುಟ್ಟ ಚೀಲದಂಥ ಗೂಡು ನೇತು ಹಾಕುತ್ತದೆ. ಜೇಡರ ಬಲೆಯನ್ನೇ ದಾರ ಮಾಡಿ ಕಟ್ಟುವ ಗೂಡು, ಬಾಗಿಲ ಮೇಲೊಂದು ಸಣ್ಣ ಸಜ್ಜೆ ಕೂಡ ಇರುತ್ತದೆ. ಕಸ ಅಂತ ಪೊರಕೆಯಲ್ಲಿ ಎಳೆದುಬಿಡುವುದು ಸುಲಭ. ಸಿಂಪಿಗ ಕರಿಬೇವಿನ ಪಕ್ಕದ ಯಾವುದೋ ಅಗಲ ಎಲೆಯ ಅಂಚುಗಳನ್ನು ಸೇರಿಸಿ ನಿಜವಾಗಿಯೂ ಹೊಲಿಯುತ್ತದೆ, ಹತ್ತಿ ನಾರಿನ ಹೊಲಿಗೆ ಕಣ್ಣಿಗೆ ಕಾಣುತ್ತದೆ. ಇವೆರಡಕ್ಕೂ ಮೊಟ್ಟೆ ಇಟ್ಟ ಮೇಲೆ ಒಂದು ತಿಂಗಳು ಸಾಕು. ಎದುರು ಮನೆ ಅಜ್ಜಿ ಹೋದ ವರ್ಷ ಸೂರಕ್ಕಿಗಾಗಿ ಬಟ್ಟೆ ಒಣಗಿಸುವ ಹಗ್ಗವನ್ನೇ ಬಿಟ್ಟುಕೊಟ್ಟರು. ಒಂದೂವರೆ ತಿಂಗಳು ಸೀರೆಗಳನ್ನೆಲ್ಲ ನಮ್ಮ ಮನೆ ಮಾಳಿಗೆಯಲ್ಲಿ ಒಣಗಿಸಿದರು. "ಬಾಣಂತಿ ಮನೇಲಿ ಗದ್ದಲ ಮಾಡಬಾರದು ಕಣಮ್ಮ" ಅಂದರು.

ರಾತ್ರಿಯ ನೆರೆಯವರೂ ಇದ್ದಾರೆ. ಹಳೇ ಅರಳಿ ಮರದ ಪೊಟರೆಯಲ್ಲಿ ಹಾಲಕ್ಕಿ ಅನ್ನುವ ಪುಟ್ಟ ಗೂಬೆಗಳ ಜೋಡಿ ಇದೆ. ಸಂಜೆ ಏಳಕ್ಕೆ ಹೊರಗೆ ಬಂದು ಬೀದಿ ದೀಪದ ಕಂಬದ ಮೇಲೆ ಕೂತು ಹುಳ ಹಿಡಿಯುತ್ತವೆ. ಗೂಬೆ ಅಪಶಕುನ ಅಂತ ಕೆಲವರು ಕಲ್ಲು ಬೀರುವುದನ್ನು ನೋಡಿದ್ದೇನೆ. ಬುಡಬುಡಿಕೆಯವರು ನಸುಕಿನಲ್ಲಿ ಬಂದು ಹಾಲಕ್ಕಿ ಒಳ್ಳೇದು ನುಡಿದಿದೆ ಅಂತ ಹೇಳಿದಾಗ ಅಕ್ಕಿ ಕಾಸು ಕೊಟ್ಟು ಕಳಿಸುತ್ತೇವೆ. ಅವರು ಹೇಳುವ ಹಾಲಕ್ಕಿ ಇದೇ ಕಣ್ರೀ. ಇದು ನಮ್ಮ ಮನೆಗಳ ಸುತ್ತಲಿನ ಇಲಿ ಜಿರಲೆಗಳನ್ನೂ ತಿನ್ನುತ್ತದೆ. ಗಸಗಸೆ ಮರಕ್ಕೆ ರಾತ್ರಿ ಬಾವಲಿಗಳು ಬರುತ್ತವೆ. ಬೆಳಗ್ಗೆ ಕಾರಿನ ಮೇಲೆ ಕಲೆ ಬಿದ್ದಿರುತ್ತದೆ, ನಿಜ. ಕಾರು ತೊಳೆದರೆ ಹೋಗುತ್ತದೆ.

ಹೆಜ್ಜೇನಿನ ವಿಚಾರ ಸೂಕ್ಷ್ಮ. ನೀರಿನ ಟ್ಯಾಂಕ್ ಕೆಳಗೆ, ಅಪಾರ್ಟ್‌ಮೆಂಟ್ ಸಜ್ಜೆಗೆ ಕಟ್ಟುತ್ತದೆ, ಕಚ್ಚಿದರೆ ಅಪಾಯ. ಮಕ್ಕಳು ಓಡಾಡುವ ಜಾಗದಲ್ಲಿ ಇದ್ದರೆ ಏನಾದರೂ ಮಾಡಲೇಬೇಕು. ಆದರೆ ಆರು ಮಹಡಿ ಎತ್ತರದಲ್ಲಿ ತನ್ನ ಪಾಡಿಗೆ ಇರುವ ಹುಟ್ಟಿಗೆ ವಿಷ ಹೊಡೆಸಬೇಡಿ. ಹೆಜ್ಜೇನು ಒಂದೇ ಕಡೆ ವರ್ಷಪೂರ್ತಿ ನಿಲ್ಲುವುದಿಲ್ಲ. ಹೂವಿನ ಕಾಲ ಮುಗಿದರೆ ಎದ್ದು ಹೋಗುತ್ತದೆ. ಈಗ ಹೊಂಗೆ ಹೂ ಬಿಟ್ಟಿದೆ. ಮರದ ಕೆಳಗೆ ನಿಂತರೆ ಇಡೀ ಮರವೇ ಗುಂಯ್ ಅನ್ನುತ್ತದೆ. ಈ ವಾರ ಒಂದು ಸಲ ನಿಂತು ಕೇಳಿ. ಇನ್ನು ಹತ್ತು ದಿನಕ್ಕೆ ಆ ದನಿ ಇರುವುದಿಲ್ಲ.

ವೃಕ್ಷಾಧಿಕಾರಿಗಳೇ, ಈಗ ನಿಮ್ಮ ಹತ್ತಿರ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ನಿಮ್ಮ ಅನುಮತಿ ಬೇಕು ಅಂತ ಈಗ ಬಹಳ ಜನಕ್ಕೆ ಗೊತ್ತು. ಅರ್ಜಿ ಕೊಡುತ್ತಾರೆ, ನೀವು ಬಂದು ನೋಡುತ್ತೀರಿ. ಅಪಾಯ ಇದೆಯಾ, ಬುಡ ಗಟ್ಟಿ ಇದೆಯಾ, ಲೈನ್‌ಗೆ ತಾಗುತ್ತಾ ಅಂತ ಪರೀಕ್ಷೆ ಮಾಡುತ್ತೀರಿ. ಗೂಡು ಇದೆಯಾ ಅಂತಲೂ ನೋಡಿ ಬರೆದುಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಮಾತಿಗೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆ ಗೂಡುಗಳನ್ನು ಕದಡುವುದು ಕೂಡ ಸೇರಿದೆ. ಇದು ನಾಗರಹೊಳೆಯೊಳಗಿನ ಹಕ್ಕಿಗೆ ಮಾತ್ರ ಅಂತ ಕಾಯ್ದೆ ಹೇಳುವುದಿಲ್ಲ. ನಮ್ಮ ಅಡ್ಡರಸ್ತೆಯ ಗುಲ್‌ಮೊಹರ್‌ನಲ್ಲಿ ಇರುವ ಹಕ್ಕಿಯೂ ಕಾಡುಹಕ್ಕಿಯೇ. ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಬೀದಿಯ ಆಕೆಯನ್ನು ಅಪರಾಧಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಗೊತ್ತಿಲ್ಲದೆ ಆಗುವುದನ್ನು ತಡೆಯಲು ಅನುಮತಿ ಪತ್ರದಲ್ಲಿ ಒಂದು ಸಾಲು ಸಾಕು. "ಗೂಡು ಇದ್ದರೆ ಮರಿ ಹಾರುವ ತನಕ ಕಡಿಯಬಾರದು" ಅಂತ ಬರೆದುಬಿಡಿ.

ಲೈನ್ ಕೆಲಸದ ಅಣ್ಣಂದಿರೇ, ಮೇ ತಿಂಗಳ ಗಾಳಿ ಮಳೆಯಲ್ಲಿ ಕೊಂಬೆ ಬಿದ್ದು ತಂತಿ ಹರಿದಾಗ ರಾತ್ರಿ ಹನ್ನೊಂದು ಗಂಟೆಗೆ ಮಳೆಯಲ್ಲಿ ನೆನೆದು ಕಂಬ ಹತ್ತುವವರು ನೀವು. ನಿಮ್ಮ ಜೀವಕ್ಕಿಂತ ಗೂಡು ದೊಡ್ಡದು ಅಂತ ನಾನು ಹೇಳಲಾರೆ. ತಂತಿಗೆ ತಾಗುವ ಕೊಂಬೆ, ಮನೆ ಮೇಲೆ ಬೀಳುವ ಕೊಂಬೆ ತೆಗೆಯಲೇಬೇಕು. ಆದರೆ ಮಳೆಗೆ ಮುಂಚಿನ ಸವರುವಿಕೆಯಲ್ಲಿ ತಂತಿಯಿಂದ ದೂರ ಇರುವ ಕೊಂಬೆಗಳೂ ಹೋಗುತ್ತವೆ, ಒಂದು ಕಡೆಯಿಂದ ಶುರು ಮಾಡಿ ಬೀದಿಗೆ ಬೀದಿಯೇ ಬೋಳಾಗುತ್ತದೆ. ಆ ದೊಡ್ಡ ಕೆಲಸವನ್ನು ದೀಪಾವಳಿಯ ಆಸುಪಾಸಿಗೆ, ಅಂದರೆ ಅಕ್ಟೋಬರ್ ನವೆಂಬರ್‌ಗೆ ಇಟ್ಟುಕೊಳ್ಳಲು ಆಗುತ್ತದಾ ಅಂತ ಮೇಲಿನವರನ್ನು ಕೇಳಿ. ಆಗ ಗೂಡುಗಳು ಬಹಳ ಕಡಿಮೆ. ಮಾರ್ಚ್‌ನಿಂದ ಜೂನ್ ತನಕ ನಿಜವಾಗಿ ಅಪಾಯ ಇರುವ ಕೊಂಬೆಯಷ್ಟೇ ತೆಗೆಯೋಣ. ಅದನ್ನೂ ಕೆಳಗೆ ನಿಂತು ನೋಡಿದ ಮೇಲೆ. ತೀರಾ ಅಪಾಯದ ಒಣ ಕೊಂಬೆಯಲ್ಲಿ ಪೊಟರೆ ಇದ್ದರೆ, ಪೊಟರೆಯಿಂದ ಎರಡು ಅಡಿ ಆಚೆಗೆ ಕಡಿದು ಭಾರ ಇಳಿಸಬಹುದು. ಉಳಿದ ಮೋಟನ್ನು ಮಳೆಗಾಲ ಕಳೆದ ಮೇಲೆ ತೆಗೆದರಾಯಿತು.

ಇದೆಲ್ಲ ಹೊಸ ಯೋಚನೆ ಏನಲ್ಲ. ನಮ್ಮೂರಿಂದ ಬೆಂಗಳೂರು ರಸ್ತೆಯಲ್ಲಿ ಹೋದರೆ ಮದ್ದೂರು ತಾಲೂಕಿನಲ್ಲಿ ಕೊಕ್ಕರೆಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅತ್ತಿ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಮನೆ ಅಂಗಳದಲ್ಲಿ ಹಿಕ್ಕೆ ಬೀಳುತ್ತದೆ, ಮೀನಿನ ವಾಸನೆ ಇರುತ್ತದೆ. ಆದರೂ ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಗೂಡಿರುವ ಹುಣಸೆ ಮರದಲ್ಲಿ ಹಣ್ಣು ಬಡಿಯದೆ ನಷ್ಟ ಮಾಡಿಕೊಂಡಿದ್ದಾರೆ. ಇನ್ನೂ ಹತ್ತಿರ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಲು ಬಂದವರು ಕಾವೇರಿಯ ಆ ನಡುಗಡ್ಡೆಗಳಲ್ಲಿ ಗೂಡುಗಳನ್ನು ಕಂಡು ಮಹಾರಾಜರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮ ಆಯಿತು. ಒಬ್ಬರು ನೋಡಿ, ಹೇಳಬೇಕಾದವರಿಗೆ ಹೇಳಿದ್ದರಿಂದ. ಆ ಕೊಕ್ಕರೆಗಳೇ ಈಗಲೂ ಕುಕ್ಕರಹಳ್ಳಿ ಕೆರೆಗೂ ನಮ್ಮ ಕೆರೆಗೂ ಬಂದು ಹೋಗುತ್ತವೆ. ಬೆಳಗ್ಗೆ ಏಳರ ಹೊತ್ತಿಗೆ ನಮ್ಮ ಮನೆಗಳ ಮೇಲೆ ಸಾಲಾಗಿ ಹಾರುತ್ತವೆ.

ನಾನು ನನ್ನ ಕೈಲಾದದ್ದು ಶುರು ಮಾಡಿದ್ದೇನೆ. ಗೂಡು ಇರುವ ಮರದ ಬುಡಕ್ಕೆ, ನಮ್ಮ ಎದೆಮಟ್ಟದಲ್ಲಿ, ಅರಿಶಿನ ಬಣ್ಣದ ಬಟ್ಟೆ ಪಟ್ಟಿ ಕಟ್ಟುತ್ತಿದ್ದೇನೆ. ಗೂಡಿನ ಹತ್ತಿರ ಯಾರೂ ಹೋಗುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಇಲ್ಲಿಯ ತನಕ ಹನ್ನೊಂದು ಮರ ಆಗಿವೆ. ಬೀದಿಯ ಮಕ್ಕಳು ಪರೀಕ್ಷೆ ಮುಗಿಸಿಕೊಂಡು ಜೊತೆಗೆ ಸೇರಿದ್ದಾರೆ. ಯಾವ ಮರದಲ್ಲಿ ಏನು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದಾರೆ. ನಿವಾಸಿಗಳ ಸಂಘದ ಬೋರ್ಡಿನಲ್ಲಿ ಆ ಪಟ್ಟಿ ಹಾಕಲು ಒಂದು ಮೂಲೆ ಕೊಡಿ. ಮರಿ ಹಾರಿದ ದಿನ ಮರದ ಬಟ್ಟೆ ನಾವೇ ಬಿಚ್ಚುತ್ತೇವೆ. ಬಟ್ಟೆ ಇಲ್ಲದ ಮರದಲ್ಲಿ ಗೂಡೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ನಾವು ನೋಡದೇ ಬಿಟ್ಟದ್ದು ಎಷ್ಟೋ ಇರುತ್ತದೆ. ನಿಮ್ಮ ಕಣ್ಣೂ ಬೇಕು.

ಮಹಡಿ ಮೇಲೆ, ಕಾಂಪೌಂಡ್ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರು ಇಡಿ. ದಿನಾ ಬದಲಾಯಿಸಿ. ಬಹಳ ಜನ ಈಗಾಗಲೇ ಇಡುತ್ತಿದ್ದೀರಿ, ನನಗೆ ಗೊತ್ತು.

ಕೊನೆಗೆ ಒಂದು ಸುದ್ದಿ. ಹೋದ ವರ್ಷ ಕೊಂಬೆ ಬಿದ್ದ ಅದೇ ಗುಲ್‌ಮೊಹರ್‌ನಲ್ಲಿ, ಇನ್ನೊಂದು ಒಣ ಕೊಂಬೆಯಲ್ಲಿ, ಈ ಸಲ ಮತ್ತೆ ಪೊಟರೆ ಆಗಿದೆ. ಅದೇ ಜೋಡಿಯಾ, ಬೇರೆಯಾ, ನನಗೆ ಹೇಳಲು ಬರುವುದಿಲ್ಲ. ಫೆಬ್ರವರಿಯಲ್ಲಿ ಕೊರೆದವು. ಸೋಮವಾರದಿಂದ ತೂತಿನ ಬಾಯಲ್ಲಿ ಒಂದು ಮರಿಯ ತಲೆ ಕಾಣುತ್ತಿದೆ. ಆ ಮನೆಯಾಕೆಯೇ ಮೊದಲು ನೋಡಿ ನನ್ನನ್ನು ಕೂಗಿದರು. ಸೋಲಾರ್‌ನವರಿಗೆ ಜುಲೈಗೆ ಬನ್ನಿ ಅಂದಿದ್ದಾರಂತೆ. ದಿನಾ ಬೆಳಗ್ಗೆ ಆರೂವರೆಯಿಂದ ಏಳರ ತನಕ ನಾವಿಬ್ಬರೂ ಅವರ ಗೇಟಿನ ಎದುರು ಕುರ್ಚಿ ಹಾಕಿಕೊಂಡು ಕೂತಿರುತ್ತೇವೆ. ಇನ್ನೊಂದು ವಾರ ಹತ್ತು ದಿನದಲ್ಲಿ ಹಾರಬಹುದು. ಬನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ವೃಕ್ಷಾಧಿಕಾರಿಗಳಿಗೂ ಒಂದು ಕುರ್ಚಿ ಇದೆ, ಕಾಫಿ ಆ ಮನೆಯಾಕೆಯದು.

ಇಂತಿ,
ನಿಮ್ಮ ಮೂರನೇ ಅಡ್ಡರಸ್ತೆಯವಳು